ತಲೆಗೊಂದು ರೂಪಾಯಿ

ಶಾಂಪೂ, ಕ್ರೀಮುಗಳ ಬಗ್ಗೆ ಇದುವರೆಗೆ ಮಾತಾಡಿದವರೆಲ್ಲ ಕೂದಲು ಬೀಸಿ ತಿರುಗುವ ನಟಿಯರು, ಇಲ್ಲವೇ ಅವರ ಹಿಂದೆ ಬಿಳಿ ಕೋಟು ತೊಟ್ಟು ನಿಲ್ಲುವವರು. ಅವರ ಕೈಯಲ್ಲಿರುವ ಸಾಮಾನನ್ನು ಮಾತಾಡಿಸಿದವರಿಲ್ಲ. ಆ ಕೊರತೆ ನೀಗಿಸಲು ನಾವು ಕರ್ನೂಲು ಜಿಲ್ಲೆಯ ಪಡುವಣ ತುದಿಗೆ ಹೋದೆವು. ಕೋಸಿಗಿಯ ಒಂದು ಕಿರಾಣಿ ಅಂಗಡಿಯ ಮುಂದೆ, ಅಡಿಕೆಪುಡಿಯ ಸರಕ್ಕೂ ಕ್ರೀಮಿನ ಸರಕ್ಕೂ ನಡುವೆ, ಒಂದು ರೂಪಾಯಿಯ ಶಾಂಪೂ ಪ್ಯಾಕೆಟ್ ನೇತಾಡುತ್ತಿತ್ತು.

ಅಂಗಡಿ ಆಂಧ್ರದ್ದು, ಬೋರ್ಡು ತೆಲುಗಿನದು, ಮಾತು ಮಾತ್ರ ಬಳ್ಳಾರಿ ಸೀಮೆಯ ಕನ್ನಡ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಆಂಧ್ರಕ್ಕೆ ಕೊಟ್ಟವರು ಜನರ ನಾಲಿಗೆಯನ್ನು ಬಿಡಿಸಿಕೊಡುವುದು ಮರೆತಿದ್ದರು. ಪ್ಯಾಕೆಟ್ಟೂ ಅದೇ ಮಾತು ಕಲಿತಿತ್ತು. ಸಂದರ್ಶನಕ್ಕೆ ಒಪ್ಪುವ ಮುನ್ನ ಅದು ಹಾಕಿದ್ದು ಒಂದೇ ಷರತ್ತು: ಮಾತು ಮುಗಿಯುವ ತನಕ ಸರದಿಂದ ಹರಿಯಬಾರದು.

ನಾವು: ಮೊದಲು ನಿಮ್ಮ ಪರಿಚಯ.

ಪ್ಯಾಕೆಟ್: ಯಾರ ಪರಿಚಯ ಬೇಕು ಸಾರ್, ನಂದೋ, ನನ್ನೊಳಗೆ ಇರೋದರದೋ? ನಾನು ಬರೀ ಮೇಲಿನ ತೊಗಲು. ಒಳಗೆ ಹೆಚ್ಚೂಕಡಿಮೆ ನೂರಕ್ಕೆ 80 ಪಾಲು ನೀರು.

ನಾವು: ನೀರಾ! ಟೀವಿಯಲ್ಲಿ ಹಾಲಿನ ಪ್ರೋಟೀನು, ಮೊಟ್ಟೆ, ಬಾದಾಮಿ ಅಂತೆಲ್ಲ ತೋರಿಸುತ್ತಾರಲ್ಲ?

ಪ್ಯಾಕೆಟ್: ಅವೂ ಅದಾವೆ, ಸುಳ್ಳು ಹೇಳಬಾರದು. ಶ್ರಾವಣದಾಗ ಉರುಕುಂದ ಈರಣ್ಣನ ಗುಡಿಗೆ ಮಿನಿಸ್ಟ್ರು ಬಂದು ಹೋದಂಗೆ ಬಂದು ಹೋಗಿರ್ತಾವೆ. ಫೋಟೋದಾಗ ಮುಂದೆ ನಿಲ್ಲೋದು ಅವೇ. ಕಸ ಹೊಡೆಯೋನು ಬೇರೆ, ಅವನ ಹೆಸರು ಸೋಡಿಯಂ ಲಾರೆತ್ ಸಲ್ಫೇಟ್. ತಾಳೆಬೀಜದ ಎಣ್ಣೆಯಿಂದಲೋ ಕೊಬ್ಬರಿ ಎಣ್ಣೆಯಿಂದಲೋ ಹುಟ್ಟಿದೋನು. ಎಥಿಲೀನ್ ಆಕ್ಸೈಡು, ಗಂಧಕ, ಸೋಡಾ ಎಲ್ಲ ತಿನ್ಸಿ ಫ್ಯಾಕ್ಟ್ರಿಯಾಗ ಬೆಳೆಸಿದ್ದು. ಅವನ ಒಂದು ತುದಿಗೆ ಎಣ್ಣೆ ಬೇಕು, ಇನ್ನೊಂದು ತುದಿಗೆ ನೀರು ಬೇಕು. ಒಬ್ಬನೇ ಬರಲ್ಲ, ಗುಂಪು ಕಟ್ಟಿ ಬಂದು ಜಿಡ್ಡನ್ನ ನಡುವೆ ಹಾಕ್ಕೊಂಡು, ಸುತ್ತುಗಟ್ಟಿ, ಮೋರಿವರೆಗೂ ಬಿಟ್ಟು ಬರ್ತಾರೆ.

ನಾವು: ಆದರೂ ಇಷ್ಟು ಗಟ್ಟಿಯಾಗಿದ್ದೀರಿ. ಸತ್ವ ಇರಲೇಬೇಕಲ್ಲ?

ಪ್ಯಾಕೆಟ್: ಉಪ್ಪು ಸಾರ್. ನಿಮ್ಮ ಅಡಿಗೆ ಉಪ್ಪೇ. ಅಳತೆಯಾಗ ಹಾಕಿದ್ರೆ ಗಟ್ಟಿ ಆಗ್ತೈತೆ, ಕೈ ಮೀರಿದ್ರೆ ತಿರುಗಿ ನೀರು. ಮುತ್ತಿನ ಹೊಳಪು ಅಂತೀರಲ್ಲ, ಅದು ಗ್ಲೈಕಾಲ್ ಡೈಸ್ಟಿಯರೇಟ್ ಅನ್ನೋ ಮೇಣದ ಹರಳು. ಹಾಕೋದು ಕೂದಲಿಗಲ್ಲ, ಗಿರಾಕಿ ಕಣ್ಣಿಗೆ. ನೊರೆನೂ ಅಷ್ಟೇ. ಕೊಳೆ ಹೋಗೋಕೆ ಅಷ್ಟು ನೊರೆ ಬೇಕಾಗಿಲ್ಲ. ಆದ್ರೆ ನೊರೆ ಬರಲಿಲ್ಲ ಅಂದ್ರೆ ಅಕ್ಕ ಅಂಗಡಿಯೋನ ಜೊತೆ ಜಗಳಕ್ಕೆ ನಿಲ್ತಾಳೆ. ಅದಕ್ಕೇ ನೊರೆಗೆ ಅಂತ ಬೇರೆ ಮದ್ದು ಸೇರಿಸ್ತಾರೆ.

ನಾವು: ಹಾಗಾದರೆ ಸೀಗೆಕಾಯಿಯೇ ಮೇಲು ಅನ್ನಿ.

ಪ್ಯಾಕೆಟ್: ಈ ಮಾತು ಯಾವಾಗಲೂ ಬೆಂಗಳೂರಿಂದ ಬಂದೋರೇ ಹೇಳ್ತಾರೆ. ಕೇಳ್ರಿ. ಗಡಸು ಬೋರಿನ ನೀರಾಗ ಸೋಪು ಹಚ್ಚಿದ್ರೆ ನೀರಿನ ಸುಣ್ಣದಂಶ ಸೋಪನ್ನ ಹಿಡಕೊಂಡು ಕೂದಲ ಮ್ಯಾಲೆ ಜಿಗುಟಾಗಿ ಕೂಡ್ತೈತೆ. ಸೀಗೆಕಾಯಾಗ, ಅಂಟುವಾಳದಾಗ ಇರೋ ಸಪೋನಿನ್‌ಗೆ ಆ ಕಾಟ ಇಲ್ಲ. ನನ್ನೊಳಗಿನ ಲಾರೆತ್ ಸಲ್ಫೇಟಿಗೂ ಬಹಳ ಇಲ್ಲ. ಗುಣದಾಗ ಅವು ನನಗಿಂತ ಕಡಿಮೆ ಅಲ್ಲ. ಆದ್ರೆ ಅಂಟುವಾಳ ಒಡೆದು, ನೆನೆಹಾಕಿ, ಕಿವುಚಿ, ಸೋಸಿ, ಕಣ್ಣಿಗೆ ಬಿದ್ದು ಉರಿದು, ಸೀಗೆಪುಡಿ ಕೂದಲಿಂದ ಬಿಡಿಸೋಕೆ ಮತ್ತೆರಡು ಕೊಡ ಸುರಕೊಂಡು ತಲೆ ಎರಕೊಳ್ಳಬೇಕು ಅಂದ್ರೆ ಮನ್ಯಾಗ ಒಬ್ಬ ಅತ್ತೆ, ಒಂದು ಹಂಡೆ ನೀರು, ಅರ್ಧ ದಿನ ಬೇಕು. ಹತ್ತಿ ಬಿಡಿಸಿ ದೀಪ ಹಚ್ಚೋ ಹೊತ್ತಿಗೆ ಮನೆ ಸೇರೋಳಿಗೆ ಮೂರೂ ಇರಲ್ಲ. ನಾನು ಮಾರಾಟ ಆಗೋದು ಆ ಹೊತ್ತಿನಾಗ.

ನಾವು: ನಿಮ್ಮೊಳಗೆ ಈ ನೆಲದ್ದು ಅನ್ನುವಂಥದ್ದು ಏನಾದರೂ ಇದೆಯೇ?

ಪ್ಯಾಕೆಟ್: ನನ್ನ ಅಣ್ಣತಮ್ಮಂದಿರು ಬಹಳ ಜನರೊಳಗೆ ಚವಳಿಕಾಯಿ ಐತೆ. ನೀವು ಗೋರಿಕಾಯಿ ಅಂತೀರಲ್ಲ, ಅದೇ. ನಗಬ್ಯಾಡ್ರಿ. ಅದರ ಒಣಬೀಜದ ಗೋಂದಿಗೆ ಧನ ವಿದ್ಯುತ್ತಿನ ಅಂಶ ಅಂಟಿಸ್ತಾರೆ. ಕೂದಲ ಮೈಮ್ಯಾಲೆ ಇರೋದು ಋಣ. ಈ ಸೀಮೆ ತಲೆಗಳಿಗೆ ಋಣ ಹೊಸದೇನಲ್ಲ ಬಿಡ್ರಿ. ಧನ ಬಂದು ಋಣಕ್ಕೆ ಅಂಟಿಕೊಂಡ ಮ್ಯಾಲೆ ಕೂದಲು ನುಣ್ಣಗಾಗಿ ಬಾಚಣಿಗೆ ಸರಾಗ ಇಳೀತೈತೆ. ಆಮ್ಯಾಲೆ ಅದಕ್ಕೆ ಗ್ವಾರ್ ಹೈಡ್ರಾಕ್ಸಿಪ್ರೊಪೈಲ್ ಟ್ರೈಮೋನಿಯಂ ಕ್ಲೋರೈಡ್ ಅಂತ ನಾಮಕರಣ. ಅಷ್ಟುದ್ದ ಹೆಸರಿಟ್ಟ ಮ್ಯಾಲೆ ಪಲ್ಯದ ನೆನಪು ಯಾರಿಗೆ ಬರ್ತೈತೆ?

ನಾವು: ಆದೋನಿ ಅಂದರೆ ಹತ್ತಿ ಮಾರುಕಟ್ಟೆ. ಅದಕ್ಕೂ ನಿಮ್ಮ ಕುಲಕ್ಕೂ ನಂಟಿದೆಯೇ?

ಪ್ಯಾಕೆಟ್: ಐತೆ ಅಂದ್ರೆ ಐತೆ. ಆದೋನಿ ಯಾರ್ಡಿಗೆ ಹೋಗಿ ನೋಡ್ರಿ. ಹತ್ತಿ, ಶೇಂಗಾ, ಔಡಲ, ಎಲ್ಲ ಕ್ವಿಂಟಾಲ್ ಲೆಕ್ಕದಾಗ ಹರಾಜು. ಔಡಲದೆಣ್ಣೆ ಇಲ್ಲಾಂದ್ರೆ ಲಿಪ್‌ಸ್ಟಿಕ್ ನಿಲ್ಲಲ್ಲ, ಬಣ್ಣದ ಪುಡಿನ ಹಿಡಕೊಂಡು ತುಟಿ ಮ್ಯಾಲೆ ಜಾರದಂಗೆ ಕೂಡೋ ಮಂದ ಎಣ್ಣೆ ಅದು. ಅದೇ ಎಣ್ಣೆಗೆ ಹೈಡ್ರೋಜನ್ ಕುಡಿಸಿ, ಇನ್ನೊಂದಿಷ್ಟು ಸಂಸ್ಕಾರ ಮಾಡಿ, ಸುವಾಸನೆಯನ್ನ ನೀರಿನಾಗ ಕರಗಿಸೋಕೆ ಬಳಸ್ತಾರೆ. ಜಿನ್ನಿಂಗ್ ಆದ ಮ್ಯಾಲೂ ಹತ್ತಿಕಾಳಿಗೆ ಅಂಟಿಕೊಂಡಿರೋ ಸಣ್ಣ ನಾರು ಐತಲ್ಲ, ಅದನ್ನ ಶುದ್ಧ ಮಾಡಿ ನೈಟ್ರಿಕ್ ಆಮ್ಲದ ಸಂಗ ಮಾಡಿಸಿದ್ರೆ ಉಗುರುಬಣ್ಣದ ಹೊಳಪು ಸಿಗ್ತೈತೆ. ಆ ಸಂಗ ಸ್ವಲ್ಪ ಜಾಸ್ತಿ ಆದ್ರೆ ಬಂದೂಕಿನ ಮದ್ದು. ಮದುವೆ ಮನ್ಯಾಗ ಉಗುರಿಗೆ ಬಣ್ಣ ಹಚ್ಚಿಕೊಳ್ಳೋ ಹುಡುಗೇರಿಗೆ ಇದನ್ನ ಹೇಳಬ್ಯಾಡ್ರಿ.

ಈಗ ನಾನು ಒಂದು ಪ್ರಶ್ನೆ ಕೇಳ್ತೀನಿ. ಹತ್ತಿಯಾಗ ತೇವ ನೂರಕ್ಕೆ 8 ದಾಟಿದ್ರೆ ಹತ್ತಿ ಕೊಳ್ಳೋ ಸರ್ಕಾರಿ ನಿಗಮ ಸಿಸಿಐನವ್ರು ದರ ಮುರೀತಾರೆ. 12 ದಾಟಿದ್ರೆ ಹತ್ತಿನೇ ವಾಪಸ್ಸು. ರೈತ ಬಿಸಿಲಿಗೆ ಹರವಿಕೊಂಡು ಕೂಡಬೇಕು. ನನ್ನೊಳಗೆ ನೂರಕ್ಕೆ 80 ತೇವ ಐತೆ. ಮೀಟರ್ ಚುಚ್ಚಿ ನೋಡಿ ಒಬ್ಬನಾದ್ರೂ ನನ್ನನ್ನ ವಾಪಸ್ ಕಳಿಸಿದ್ನಾ? ಹತ್ತಿ ಹೋಗುವಾಗ ತೂಕ ಹಾಕೋರು ದೊಡ್ಡೋರು, ನಾನು ಬರುವಾಗ ಅಳತೆ ಬರೆಯೋರೂ ದೊಡ್ಡೋರೇ.

(ನಮ್ಮಲ್ಲಿ ಉತ್ತರ ಇರಲಿಲ್ಲ. ಮಾತು ತಿರುಗಿಸಿದೆವು.)

ನಾವು: ಕೂದಲಿನ ಬುಡಕ್ಕೆ ವಿಟಮಿನ್ ಕೊಡುತ್ತೀರಂತೆ?

ಪ್ಯಾಕೆಟ್: ಕೂದಲಿಗೆ ಜೀವ ಇರೋದು ಚರ್ಮದ ಕೆಳಗೆ. ಹೊರಗೆ ಕಾಣೋದೆಲ್ಲ ಸತ್ತದ್ದು, ಬರೀ ಕೆರಾಟಿನ್. ಎರಡು ನಿಮಿಷ ತಲೆ ಮ್ಯಾಲೆ ಇದ್ದು ಮೋರಿಗೆ ಹೋಗೋ ನಾನು ಅದಕ್ಕೆ ಏನು ಉಣಿಸಲಿ? ಮೈಯಾಗ ರಕ್ತ ಇಲ್ಲದೆ ಕೂದಲು ಉದುರೋ ಅಕ್ಕಂದಿರು ಈ ಕಡೆ ಕಡಿಮೆ ಇಲ್ಲ. ಅವರು ಆಸ್ಪತ್ರೆಯಾಗ ಕಬ್ಬಿಣದ ಗುಳಿಗೆ ಕೊಟ್ರೆ ಅಟ್ಟದ ಮ್ಯಾಲೆ ಇಟ್ಟು, ನನ್ನನ್ನ ತಲೆ ಮ್ಯಾಲೆ ಇಟ್ಕೋತಾರೆ.

ಕ್ರೀಮು (ಪಕ್ಕದ ಸರದಿಂದ): ಬರೀ ತಲೆ ವಿಚಾರನೇ ಆತು. ಮುಖದ ಕಡೆ ಯಾವಾಗ ಬರ್ತೀರಿ?

ನಾವು: ತಾವು… ಮೊದಲು ಬೇರೆ ಹೆಸರಿತ್ತಲ್ಲ?

ಕ್ರೀಮು: 1975ರಾಗ ಫೇರ್ ಅಂಡ್ ಲವ್ಲಿ. 2020ರಾಗ ಅಮೆರಿಕದಾಗ ಕಪ್ಪು ಜನರ ಪರ ಚಳವಳಿ ಎದ್ದಾಗ ನಮ್ಮ ಮಾಲೀಕರಿಗೆ ಜ್ಞಾನೋದಯ ಆಗಿ ಗ್ಲೋ ಅಂಡ್ ಲವ್ಲಿ ಅಂತ ಮಾಡಿದ್ರು. ಕೋಸಿಗಿಯಾಗ ಇನ್ನೂ ಹಳೇ ಹೆಸರಲ್ಲೇ ಕೇಳ್ತಾರೆ, ನಾನೂ ಓ ಅಂತೀನಿ.

ನಾವು: ನಿಜಕ್ಕೂ ಬೆಳ್ಳಗೆ ಮಾಡುತ್ತೀರಾ?

ಕ್ರೀಮು: ನಿಯಾಸಿನಮೈಡ್ ಐತೆ. ಚರ್ಮದ ಬಣ್ಣದ ಕಣಗಳು ಮೇಲಿನ ಪದರಕ್ಕೆ ದಾಟೋದನ್ನ ಅದು ಒಂಚೂರು ತಡೀತೈತೆ. ಬಿಸಿಲು ತಡೆಯೋ ಪದಾರ್ಥನೂ ಐತೆ, ನನ್ನಿಂದ ಏನಾದ್ರೂ ಉಪಕಾರ ಇದ್ರೆ ಅದೇ. ಆದ್ರೆ ಅದು ಬಿಸಿಲಿಗೆ ಹೋಗೋ ಮುಂಚೆ ಹಚ್ಚಿದ್ರೆ ತಾನೆ? ಇವ್ರು ಹಗಲೆಲ್ಲ ಹೊಲದಾಗ ಕಳೆ ಕಿತ್ತು, ರಾತ್ರಿ ಮಕ ತೊಳಕೊಂಡು ಹಚ್ಚಿ ಮಲಗ್ತಾರೆ. ರಾತ್ರಿ ಯಾವ ಸೂರ್ಯ ಬರ್ತಾನ್ರಿ?

ಪ್ಯಾಕೆಟ್: ಮೈಗೆಲ್ಲ ಎರೆಮಣ್ಣು ಮೆತ್ಕೊಂಡು ಬರೋರು ಸಾರ್ ಇವ್ರು. ಎರೆಮಣ್ಣಿನಾಗ ಇರೋದೂ ಮುಲ್ತಾನಿ ಮಿಟ್ಟಿಯಾಗ ಇರೋದೂ ಒಂದೇ ಕುಲದ ಜೇಡಿ, ಮಾಂಟ್‌ಮೊರಿಲೊನೈಟ್ ಅಂತ. ಜಿಡ್ಡು ಹೀರೋದು ಅದರ ಗುಣ. ಪಟ್ಟಣದಾಗ ಕ್ಲೇ ಮಾಸ್ಕ್ ಅಂತ ಸಾವಿರಾರು ರೂಪಾಯಿ ಕೊಟ್ಟು ಹಚ್ಚಿಸ್ಕೋತಾರೆ. ಇವರು ಅದನ್ನ ತೊಳೆಯೋಕೆ ನನಗೆ ಒಂದು ರೂಪಾಯಿ ಕೊಡ್ತಾರೆ.

ನಾವು: ಇಬ್ಬರಿಂದಲೂ ಅಪಾಯವೇನೂ ಇಲ್ಲವೇ?

ಕ್ರೀಮು: ನಮಗಿಂತ ದೊಡ್ಡೋನು ಮೆಡಿಕಲ್ ಶಾಪುಗಳಾಗ ಇರ್ತಾನೆ. ಸಣ್ಣ ಟ್ಯೂಬು, ಒಳಗೆ ಸ್ಟಿರಾಯ್ಡು. ಇಸುಬಿಗೆ ಡಾಕ್ಟ್ರು ನಾಕು ದಿನಕ್ಕೆ ಅಂತ ಬರೆಯೋ ಮುಲಾಮು. ಯಾರೋ ಒಬ್ಬಳು ಮಕಕ್ಕೆ ಹಚ್ಚಿ ಒಂದು ವಾರಕ್ಕೆ ಬೆಳ್ಳಗಾದ್ಲು ಅಂದ್ರೆ ಓಣಿಗೆ ಓಣಿನೇ ಹಚ್ಚಿಕೊಳ್ತೈತೆ. ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣ್ತಾವೆ, ಮೊಡವೆ ಬರ್ತಾವೆ, ಹೆಣ್ಮಕ್ಕಳ ಗಲ್ಲಕ್ಕೆ ಕೂದಲು ಬರ್ತೈತೆ. ಬಿಟ್ರೆ ಉರಿ, ಮತ್ತೆ ಹಚ್ಚು. 2018ರಾಗ ಸರ್ಕಾರ ಅಂಥ 14 ಸ್ಟಿರಾಯ್ಡುಗಳನ್ನ ಡಾಕ್ಟ್ರ ಚೀಟಿ ಇಲ್ಲದೆ ಮಾರಬಾರದು ಅಂತ ಪಟ್ಟಿಗೆ ಹಾಕ್ತು. ಚೀಟಿ ಕೇಳಿದೋರನ್ನ ನೀವು ಎಲ್ಲಿ ನೋಡೀರಿ?

ಪ್ಯಾಕೆಟ್: ಮೇಲಿನ ಸರದಾಗ ಕಪ್ಪು ಮೆಹಂದಿ ಐತೆ, ಅದನ್ನೂ ಬರ್ಕೊಳ್ರಿ. ಮೆಹಂದಿ ಎಲೆ ಎಷ್ಟು ಅರೆದ್ರೂ ಕೆಂಪೇ. ಕಪ್ಪಾಗ್ತೈತೆ ಅಂದ್ರೆ ಬಹಳ ಮಟ್ಟಿಗೆ ಪ್ಯಾರಾಫೆನಿಲೀನ್ ಡೈಅಮೀನ್ ಅನ್ನೋ ಬಣ್ಣ ಸೇರಿರ್ತೈತೆ ಅಂತ ತಿಳ್ಕೊಬೇಕು. ಕೆಲವರಿಗೆ ಒಗ್ಗಲ್ಲ, ಮಕ ಊದ್ಕೊಂಡು ಕಣ್ಣು ಮುಚ್ಚಿಹೋಗ್ತಾವೆ. ಎರಡು ದಿನ ಮುಂಚೆ ಕಿವಿ ಹಿಂದೆ ಹಚ್ಚಿ ನೋಡ್ರಿ ಅಂತ ಬರೆದಿರ್ತಾರೆ. ನಾಳೆ ಬೆಳಿಗ್ಗೆ ಮದುವೆ ಇರೋನು ಎರಡು ದಿನ ಎಲ್ಲಿಂದ ತರ್ಬೇಕು?

ನಾವು: ಒಳಗೆ ಏನಿದೆ ಎಂಬುದನ್ನು ನಿಮ್ಮ ಮೈಮೇಲೆ ಬರೆದಿರಬೇಕಲ್ಲ?

ಪ್ಯಾಕೆಟ್: 60 ಮಿ.ಲೀ.ಗಿಂತ ಸಣ್ಣ ಶಾಂಪೂ ಪ್ಯಾಕಿಗೆ ಒಳಗಿನ ಪಟ್ಟಿ ಬರೀಲೇಬೇಕು ಅಂತ ಕಾನೂನಿಲ್ಲ. ಸಣ್ಣೋರಿಗೆ ವಿವರ ಯಾಕೆ ಅಂತ ಇರಬೇಕು. ಬರೆದ್ರೂ ಇರುವೆ ಸಾಲಿನಷ್ಟು ಸಣ್ಣಕ್ಕೆ ಇಂಗ್ಲಿಷಿನಾಗ ಬರೀತಾರೆ. ಈ ಊರಾಗ ಕನ್ನಡ ಶಾಲೆಗೆ ಹೋದೋರು ಒಂದಿಷ್ಟು ಜನ, ತೆಲುಗು ಶಾಲೆಗೆ ಹೋದೋರು ಒಂದಿಷ್ಟು ಜನ. ನನ್ನ ಬೆನ್ನು ಓದೋಕೆ ಇಬ್ಬರಿಗೂ ಆಗಲ್ಲ. ಗಡಿ ಜಗಳಕ್ಕೆ ಇದಕ್ಕಿಂತ ನ್ಯಾಯವಾದ ಪರಿಹಾರ ಯಾವ ಆಯೋಗನೂ ಕೊಟ್ಟಿಲ್ಲ.

ನಾವು: ನಿಮ್ಮ ವಂಶದ ಮೂಲ ಎಲ್ಲಿಯದು?

ಪ್ಯಾಕೆಟ್: ತಮಿಳುನಾಡಿನ ಕಡಲೂರು. ಚಿನ್ನಿ ಕೃಷ್ಣನ್ ಅಂತ ಒಬ್ರು, ದೊಡ್ಡೋರು ಬಳಸೋದು ಕೂಲಿಯೋನಿಗೂ ಸಿಗಬೇಕು ಅಂತ ಪ್ಯಾಕೆಟ್ ಮಾಡೋಕೆ ಹೊಂಟೋರು. ಅವರ ಮಗ ಸಿ.ಕೆ. ರಂಗನಾಥನ್ 1983ರಾಗ ಚಿಕ್ ಅಂತ ಶುರು ಮಾಡಿದ್ರು. ಆಗ ಒಂದು ಯೋಜನೆ ಇತ್ತು: ಖಾಲಿ ಪ್ಯಾಕೆಟ್ ಕೂಡಿಸಿ ತಂದ್ಕೊಟ್ರೆ ತುಂಬಿದ್ದು ಒಂದು ಪುಕ್ಕಟೆ. ಊರು ಸ್ವಚ್ಛ ಆಗಲಿ ಅಂತಲ್ಲ, ವ್ಯಾಪಾರ ಬೆಳೀಲಿ ಅಂತ. ಆದ್ರೂ ಖಾಲಿ ಆದ ಮ್ಯಾಲೆ ನಮಗೆ ಬೆಲೆ ಇದ್ದದ್ದು ಆವಾಗ ಒಂದೇ. ಈಗ ನಮ್ಮ ತೊಗಲು ಪದರ ಪದರ ಅಂಟಿಸಿದ ಪ್ಲಾಸ್ಟಿಕ್, ಬಿಡಿಸೋಕೆ ಬರಲ್ಲ, ಗುಜರಿಯೋನೂ ಮುಟ್ಟಲ್ಲ. 2016ರ ನಿಯಮದಾಗ ಗುಟ್ಕಾ, ಪಾನ್ ಮಸಾಲಾಕ್ಕೆ ಪ್ಲಾಸ್ಟಿಕ್ ಸ್ಯಾಚೆ ಬ್ಯಾಡ ಅಂದ್ರು. ನನ್ನನ್ನ ಬಿಟ್ರು. ಉಗುಳೋರು ಕೆಟ್ಟೋರು, ತೊಳಕೊಳ್ಳೋರು ಒಳ್ಳೇರು ಅಂತ ಇರಬೇಕು. ಮೋರಿಗೆ ಹೋಗಿ ನೋಡಿದ್ರೆ ನಾವೂ ಗುಟ್ಕಾನೂ ಅಕ್ಕಪಕ್ಕನೇ ಮಲಗಿರ್ತೀವಿ.

ನಾವು: ಬಾಟಲಿ ಕೊಂಡರೆ ಒಳ್ಳೆಯದಲ್ಲವೇ?

ಪ್ಯಾಕೆಟ್: ಲೆಕ್ಕ ಮಾಡ್ರಿ. ರೂಪಾಯಿಗೆ 5 ಮಿ.ಲೀ. ಅಂದ್ರೂ ಲೀಟರಿಗೆ 200 ರೂಪಾಯಿ. ನಿಮ್ಮ ಬಾಟಲಿ ಶಾಂಪೂ ಆ ದರಕ್ಕೆ ಸಿಕ್ಕಿದ್ರೆ ನನಗೂ ಹೇಳ್ರಿ. ಬಡವರು ಬಿಡಿ ಕೊಂಡು ಜಾಸ್ತಿ ಕಳ್ಕೋತಾರೆ ಅಂತಾರಲ್ಲ, ನನ್ನ ವಿಷಯದಾಗ ಅದು ಉಲ್ಟಾ. ಮೆಣಸಿನಕಾಯಿ ಬಿಡಿಸೋಕೆ ಗುಂಟೂರು ಕಡೆ ಸುಗ್ಗಿಗೆ ಹೋಗೋರು, ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗೋರು ನನ್ನ ಒಂದು ಸರ ಗಂಟಿನಾಗ ಹಾಕ್ಕೊಂಡು ಬಸ್ಸು ಹತ್ತುತಾರೆ. ಬಾಟಲಿ ಹೊತ್ತೋರನ್ನ ನಾನು ಕಂಡಿಲ್ಲ.

ನಾವು: 2025ರ ಸೆಪ್ಟೆಂಬರ್ 22ರಿಂದ ಶಾಂಪೂ ಮೇಲಿನ ಜಿಎಸ್‌ಟಿ ನೂರಕ್ಕೆ 18ರಿಂದ 5ಕ್ಕೆ ಇಳಿದಿದೆ. ಸಂತೋಷವಾಗಿರಬೇಕಲ್ಲ?

ಪ್ಯಾಕೆಟ್: ಆ ಲೆಕ್ಕದಾಗ ನಾನು ಈಗ 89 ಪೈಸೆ. ಉಳಿದ 11 ಪೈಸೆ ಯಾವ ನಾಣ್ಯದಾಗ ಕೊಡ್ತೀರಿ? 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು 2011ರಾಗೇ ಸತ್ತವು. 50 ಪೈಸೆ ಬದುಕೈತೆ ಅಂತ ರಿಸರ್ವ್ ಬ್ಯಾಂಕು ಹೇಳ್ತೈತೆ, ಕೋಸಿಗಿ ಶೆಟ್ರು ಇಲ್ಲ ಅಂತಾರೆ. ಹೋಗ್ಲಿ, ಅದರ ಬದಲು ಅರ್ಧ ಮಿ.ಲೀ. ಜಾಸ್ತಿ ಹಾಕಿದ್ರು ಅಂತಿಟ್ಕೊಳ್ರಿ. ಅದರಾಗೂ ನೂರಕ್ಕೆ 80 ನೀರೇ.

ನಾವು: ಕೊನೆಯದಾಗಿ ಓದುಗರಿಗೆ ಏನು ಹೇಳುತ್ತೀರಿ?

ಪ್ಯಾಕೆಟ್: ಕತ್ತರಿ ಇಟ್ಕೊಳ್ರಿ ಅಂತ ಬರೀರಿ. ಎಲ್ಲರೂ ನನ್ನನ್ನ ಹಲ್ಲಿನಾಗ ಕಚ್ಚೇ ಹರೀತಾರೆ. ವಾಸನೆ ಬಾದಾಮಿದು ಇರಬಹುದು, ಬಾಯಾಗ ಬಿದ್ರೆ ನೊರೆನೇ ಬರೋದು.