ಸೊನ್ನೆ ನಂಬರಿನ ಯಜಮಾನ

ನಮ್ಮ ಮನೆಯಲ್ಲಿ ನಾಲ್ಕು ಜನ ನಾಲ್ಕು ಹೊತ್ತಿಗೆ ಏಳುತ್ತೇವೆ. ಅಮ್ಮ ಐದಕ್ಕೆ, ಹೆಂಡತಿ ಐದೂವರೆಗೆ, ನಾನು ಏಳಕ್ಕೆ, ಮಗ ಯಾರಾದರೂ ಫ್ಯಾನ್ ಆರಿಸಿದಾಗ. ಇದನ್ನು ತಿದ್ದಲು ನಾನೆಂದೂ ಹೋದವನಲ್ಲ. ಆದರೆ ಟಿವಿ, ಸೆಟ್ ಟಾಪ್ ಬಾಕ್ಸ್, ಆಂಪ್ಲಿಫೈಯರ್, ಸಬ್‌ವೂಫರ್ ಈ ನಾಲ್ಕೂ ಒಂದೇ ಗುಂಡಿಗೆ ಒಟ್ಟಿಗೆ ಏಳಬೇಕೆಂಬ ಹಟ ಮಾತ್ರ ಹಿಡಿಯಿತು.

ಕಾರಣ ಅಮ್ಮ. ಅವರ ಏಳೂವರೆಯ ಧಾರಾವಾಹಿಗೆ ಒಂದು ರಿಮೋಟಿನಿಂದ ಚಿತ್ರ, ಇನ್ನೊಂದರಿಂದ ಚಾನೆಲ್. ಮಾತು ಕೇಳಬೇಕಾದರೆ ಮಂಡಿಯೂರಿ ಆಂಪ್ಲಿಫೈಯರಿನ ಗುಂಡಿ ಒತ್ತಬೇಕು. ಅದು ನಮ್ಮ ಮದುವೆಯ ಕಾಲದ್ದು. ಅದಕ್ಕೆ ರಿಮೋಟೇ ಇಲ್ಲ. "ನಿಮ್ಮಪ್ಪನ ರೇಡಿಯೋಗೆ ಒಂದೇ ತಿರುಪು ಇತ್ತಪ್ಪ. ಟಕ್ ಅಂದ್ರೆ ಆಕಾಶವಾಣಿ" ಎಂದರು ಅಮ್ಮ. ಮಾತು ನಾಟಿತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ ಊರು ಮೈಸೂರು. ಅದೇ ಊರಿನಲ್ಲಿ ನಾನು ಹಾಲ್‌ನ ಆ ಮೂಲೆಯಿಂದ ಈ ಮೂಲೆಗೆ ಧ್ವನಿ ಮುಟ್ಟಿಸಲಾಗದವನು.

ಓದಿದೆ. ಎಚ್‌ಡಿಎಂಐ ಕೇಬಲಿನ 19 ಪಿನ್ನುಗಳಲ್ಲಿ 13ನೆಯದು ಸಿಇಸಿ ಎಂಬ ಮಾತುಕತೆಯ ತಂತಿ. ಒಂದು ಎದ್ದರೆ ಇನ್ನೊಂದನ್ನು ಅದರ ಮೂಲಕ ಎಬ್ಬಿಸುತ್ತದಂತೆ. ಸ್ಯಾಮ್‌ಸಂಗ್‌ನವರು ಇದನ್ನು ಎನಿನೆಟ್ ಪ್ಲಸ್ ಅಂತಾರೆ, ಎಲ್‌ಜಿಯವರು ಸಿಂಪ್ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್. ಒಂದೇ ದೇವರಿಗೆ ಊರಿಗೊಂದು ಹೆಸರು. ತಂತಿಯ ಮೇಲೆ ಪ್ರತಿ ಸಾಧನಕ್ಕೂ ಒಂದು ನಂಬರು. ಹೆಂಡತಿಗೆ ಉತ್ಸಾಹದಿಂದ ವಿವರಿಸಿದೆ: "ಆಡಿಯೋ ಸಿಸ್ಟಮ್ ಐದು. ಟಿವಿ ಇದೆಯಲ್ಲ, ಅದು ಯಜಮಾನ ಇದ್ದ ಹಾಗೆ. ಅದರ ನಂಬರು ಸೊನ್ನೆ."

"ಸರಿಯಾಗೇ ಕೊಟ್ಟಿದ್ದಾರೆ ರೀ" ಎಂದಳು.

ಮೆನುವಿನಲ್ಲಿ ಸಿಇಸಿ ಹಾಕಿದೆ. ಬಾಕ್ಸ್ ಎದ್ದರೆ ಟಿವಿಯೂ ಎದ್ದಿತು. ಆಂಪ್ಲಿಫೈಯರ್ ಏಳಲಿಲ್ಲ, ಅದಕ್ಕಿದ್ದದ್ದು ಕೆಂಪು-ಬಿಳಿ ತೂತುಗಳು ಮಾತ್ರ, ಎಚ್‌ಡಿಎಂಐ ಎಲ್ಲಿಂದ ಬರಬೇಕು? ಹೊಸ ತಲೆಮಾರಿನ ಪಿಸುಮಾತು ಹಿರಿಯರಿಗೆ ಕೇಳಿಸದು.

ಅದಕ್ಕೂ ಮದ್ದು ಸಿಕ್ಕಿತು. ಒಂದು ವಿಶೇಷ ಎಕ್ಸ್‌ಟೆನ್ಷನ್ ಬೋರ್ಡು. ಮೊದಲ ಸಾಕೆಟ್ಟಿಗೆ ಟಿವಿ ಚುಚ್ಚಬೇಕು. ಟಿವಿ ನಿದ್ದೆಯಲ್ಲಿದ್ದಾಗ ಎಳೆಯುವ ಕರೆಂಟು ಇಷ್ಟೇ ಇಷ್ಟು. ಎದ್ದಾಗ ಜಾಸ್ತಿ ಎಳೆಯುತ್ತದೆ. ಅದನ್ನು ನೋಡಿ ಬೋರ್ಡು ಉಳಿದ ಸಾಕೆಟ್‌ಗಳಿಗೆ ಕರೆಂಟು ಬಿಡುತ್ತದೆ. ಆಂಪ್ಲಿಫೈಯರಿನ ಗುಂಡಿಯನ್ನು ಒತ್ತಿ ಹಾಗೇ ಬಿಟ್ಟರಾಯಿತು. ಚುಚ್ಚಿದೆ. ಅಮ್ಮ ಒಂದೇ ಗುಂಡಿ ಒತ್ತಿದರು. ಸ್ಪೀಕರಿನಿಂದ 'ಧಬ್' ಅಂತ ಒಂದು ಸದ್ದು, ಹಿಂದೆಯೇ ಧಾರಾವಾಹಿಯ ಹಾಡು. ಆಂಪ್ಲಿಫೈಯರನ್ನು ಎಲ್ಲಕ್ಕಿಂತ ಕೊನೆಗೆ ಎಬ್ಬಿಸಿ ಮೊದಲು ಮಲಗಿಸಬೇಕು, ಇಲ್ಲದಿದ್ದರೆ ಹೀಗೆ ಗುದ್ದುತ್ತದೆ ಅಂತ ಓದಿದ್ದೆ. ಬಾಯಿಬಿಡಲಿಲ್ಲ.

ಸುಖ ಎಂಟು ಗಂಟೆಗೆ ಐದು ನಿಮಿಷವಿರುವವರೆಗೆ. ನಡುರಾತ್ರಿಯ ದೃಶ್ಯ, ಅತ್ತೆ ಕತ್ತಲಲ್ಲಿ ನಿಂತು ಪಿತೂರಿ ಹೇಳತೊಡಗಿದಳು. ಪರದೆ ಕಪ್ಪಾಯಿತು, ಟಿವಿ ಎಳೆಯುವ ಕರೆಂಟು ಇಳಿಯಿತು. ಟಿವಿ ಮಲಗಿತೆಂದು ಬೋರ್ಡು ತಿಳಿಯಿತು, ಧ್ವನಿ ಕಟ್. ಮರುಕ್ಷಣ ಸೊಸೆ ದೀಪ ಹಾಕಿದಳು, ಧಬ್!

"ಪಿತೂರಿ ಏನಂತಲೇ ಗೊತ್ತಾಗ್ಲಿಲ್ವಲ್ಲೋ!" ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬೋರ್ಡಿನ ಬದಿಯ ಪುಟ್ಟ ತಿರುಪನ್ನು ಟೆಸ್ಟರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ ಭಾನುವಾರ ಪೂರ್ತಿ ನೆಲದ ಮೇಲೆ ಕಳೆದೆ. ಹೆಂಡತಿ ನನ್ನ ಸುತ್ತ ಕಸ ಗುಡಿಸಿಕೊಂಡು ಹೋದಳು. ಸಂಜೆಗೆ ಎಲ್ಲ ಸರಿಹೋಯಿತು. ಮಗ ಕ್ರಿಕೆಟ್ ಹಾಕಿ, ಆಂಪ್ಲಿಫೈಯರಿನ ವಾಲ್ಯೂಮನ್ನು ಮುಕ್ಕಾಲಿಗೆ ತಿರುಗಿಸಿ ನೋಡಿ, "ಸೂಪರ್ ಅಪ್ಪ" ಎಂದ. ಆ ಮಾತಿನ ಮೇಲೆ ಮಲಗಿದೆ.

ಆ ರಾತ್ರಿ ಕರೆಂಟು ಹೋಗಿ, ಎರಡೂವರೆಗೆ ಬಂತು. ಕರೆಂಟು ಬಂದರೆ ತಾನಾಗಿ ಏಳುವುದು ಸೆಟ್ ಟಾಪ್ ಬಾಕ್ಸಿನ ಅಭ್ಯಾಸ. ಎದ್ದದ್ದೇ 13ನೇ ಪಿನ್ನಿನಲ್ಲಿ ಟಿವಿಯನ್ನು ಕೂಗಿತು. ಟಿವಿ ಎದ್ದು ಕರೆಂಟು ಎಳೆಯಿತು. ಬೋರ್ಡು ಬಾಗಿಲು ತೆಗೆಯಿತು. ನಾನು ಒಂದು ತಿಂಗಳು ಪಾಠ ಹೇಳಿದಂತೆಯೇ, ಒಂದೂ ತಪ್ಪದೆ, ಒಂದರ ಹಿಂದೊಂದು. ಧಬ್! ಮುಕ್ಕಾಲು ವಾಲ್ಯೂಮಿನಲ್ಲಿ ಬೌಂಡರಿ, ಸಾವಿರಾರು ಜನರ ಕೇಕೆ.

ಎರಡು ರಿಮೋಟುಗಳನ್ನೂ ಹಿಡಿದು ಕತ್ತಲಲ್ಲಿ ಗುಂಡಿ ಒತ್ತುತ್ತ ನಿಂತೆ. ಹೆಂಡತಿ ಬಂದು ಗೋಡೆಯ ಸ್ವಿಚ್ ಆರಿಸಿದಳು. ನಾಲ್ಕೂ ಒಟ್ಟಿಗೆ ಮಲಗಿದವು.

ದೀಪ ಹಾಕಿದರೆ ನಾಲ್ವರೂ ಹಾಲ್‌ನಲ್ಲಿ ನಿಂತಿದ್ದೆವು. ಫ್ಯಾನ್ ತಿರುಗುತ್ತಿದ್ದರೂ ಮಗನೂ ಎದ್ದಿದ್ದ. ಅಮ್ಮ ಸೆರಗು ಸರಿಮಾಡಿಕೊಂಡು ಸೋಫಾದ ಮೇಲೆ ಕೂತರು. "ಹೇಗೂ ಎಲ್ಲ ಒಟ್ಟಿಗೆ ಎದ್ದಾಯ್ತು. ಕಾಫಿ ನೀನೇ ಮಾಡು ಮಗ."