ಓಮ್‌ಸೂತ್ರಕ್ಕೆ ಬಚ್ಚಲುಮನೆಯ ಭಾಷ್ಯ

ವಿದ್ಯುತ್ತಿನ ವಿಷಯದಲ್ಲಿ ಕನ್ನಡಿಗರು ಹುಟ್ಟು ಅದ್ವೈತಿಗಳು. ಕಂಬದ ಮೇಲಿರುವುದೂ ಕರೆಂಟು, ಮುಟ್ಟಿದರೆ ಹೊಡೆಯುವುದೂ ಕರೆಂಟು, ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಹೋಗುವುದೂ ಕರೆಂಟು, ತಿಂಗಳಿಗೊಮ್ಮೆ ದುಡ್ಡು ಕಟ್ಟುವುದೂ ಅದಕ್ಕೇ. ವೋಲ್ಟು, ಆಂಪಿಯರು, ವಾಟು, ಯೂನಿಟ್ಟು ಎಂಬ ನಾಲ್ಕು ಬೇರೆಬೇರೆ ಪದಾರ್ಥಗಳನ್ನು ಒಂದೇ ಪದದಲ್ಲಿ ಲಯಗೊಳಿಸಿದ ಈ ಸಾಧನೆ ದೊಡ್ಡದೇ ಸರಿ. ಆದರೆ ಅದರಿಂದ ಗೃಹಸ್ಥಾಶ್ರಮದಲ್ಲಿ, ಮುಖ್ಯವಾಗಿ ನೆಂಟರು ಬಂದ ಚಳಿಗಾಲದ ಬೆಳಗಿನಲ್ಲಿ, ಒದಗುವ ಅನರ್ಥವನ್ನು ಪರಿಹರಿಸುವುದೇ ಪ್ರಸ್ತುತ ಭಾಷ್ಯದ ಪ್ರಯೋಜನ. ಅಧಿಕಾರಿ ಯಾರು? ಟವಲು ಹೆಗಲಿಗೆ ಹಾಕಿಕೊಂಡು ಕಾಯುತ್ತಿರುವ ಯಾವನಾದರೂ ಸರಿ.

ಸೂತ್ರ ಇಷ್ಟೇ: ವಿ = ಐ × ಆರ್. ಇಲ್ಲಿ ವಿ ಎಂದರೆ ವೋಲ್ಟೇಜು, ಆರ್ ಎಂದರೆ ತಂತಿಯ ರೋಧ. ಕರೆಂಟಿಗೆ ಐ ಏಕೆ ಎಂದರೆ, ಫ್ರೆಂಚರು ಅದನ್ನು ‘ತೀವ್ರತೆ’ ಎಂದು ಕರೆದರು, ಆ ಪದದ ಮೊದಲಕ್ಷರ ನಮ್ಮ ತಲೆಗೆ ಕಟ್ಟಿತು. ರೋಧದ ಅಳತೆಗೆ ‘ಓಮ್’ ಎಂಬ ಹೆಸರು ಬಂದದ್ದು ಪ್ರಣವದಿಂದ ಎಂದು ಕೆಲವರು. ಅಲ್ಲ, ಅಜೀರ್ಣಕ್ಕೆ ಕೊಡುವ ಓಮದ ಕಾಳಿನಿಂದ ಎಂದು ಇನ್ನು ಕೆಲವರು. ಹೈಸ್ಕೂಲಿನಲ್ಲಿ ಈ ಸೂತ್ರ ಯಾರಿಗೂ ಜೀರ್ಣವಾಗಲಿಲ್ಲ ಎಂಬುದೇ ಅವರ ಹೇತು. ಎರಡೂ ಅಗ್ರಾಹ್ಯ. ಗೇಯೋರ್ಗ್ ಸೈಮನ್ ಓಮ್ ಜರ್ಮನಿಯ ಎರ್ಲಾಂಗೆನ್ ಊರಿನ ಬೀಗ ಮಾಡುವವನ ಮಗ, ಕೊಲೋನಿನಲ್ಲಿ ಮೇಷ್ಟ್ರು. 1827ರಲ್ಲಿ ಅವನು ಪುಸ್ತಕ ಪ್ರಕಟಿಸಿದಾಗ ಸ್ವದೇಶದ ಪಂಡಿತರು ಮೂಗು ಮುರಿದರು. ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಡುವ ಹೊತ್ತಿಗೆ 1841 ಆಗಿತ್ತು. ಗಮನಿಸಬೇಕಾದ್ದು ಇದಲ್ಲ. ವೋಲ್ಟಾನ ಬ್ಯಾಟರಿ ಒಂದೇ ಸಮ ನಿಲ್ಲದೆ ಸತಾಯಿಸಿದ್ದಕ್ಕೆ ಓಮ್ ಎರಡು ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಪ್ರಯೋಗ ಮಾಡಿದ. ಸೂತ್ರದ ಜನ್ಮಸ್ಥಳವೇ ಬಿಸಿನೀರು–ತಣ್ಣೀರು. ಆದ್ದರಿಂದ ಇದನ್ನು ಬಚ್ಚಲುಮನೆಯಲ್ಲಿಟ್ಟು ಚರ್ಚಿಸುವುದು ಶಾಸ್ತ್ರಸಮ್ಮತ.

ಈಗ ಪ್ರಕೃತ. ನಮ್ಮ ಗೀಸರಿನ ಮೈಮೇಲೆ ‘230 ವೋಲ್ಟ್, 2000 ವಾಟ್’ ಎಂಬ ಶಾಸನವಿದೆ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ 8.7 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಸುಮಾರು 26.4 ಓಮ್. ಒಳಗಿನ ನೈಕ್ರೋಮ್ ತಂತಿ ಕಾದರೂ ಈ ಸಂಖ್ಯೆ ಹೆಚ್ಚು ಕದಲುವುದಿಲ್ಲ. ಹಳೇ ಕಾಲದ ಹೆಡ್‌ಮಾಸ್ತರರ ಹಾಗೆ. ನೆಂಟರು ಬಂದ ಒಂದು ಚಳಿಗಾಲದ ಬೆಳಗ್ಗೆ ಬೀದಿಯವರೆಲ್ಲ ಒಟ್ಟಿಗೆ ನೀರು ಕಾಯಿಸಹೊರಟು ವೋಲ್ಟೇಜು 180ಕ್ಕೆ ಇಳಿದಿತ್ತು. ಭಾವಮೈದ ಬಾಗಿಲು ತಟ್ಟಿ, “ಭಾವಾ, ಕರೆಂಟ್ ಕಮ್ಮಿ ಇದೆ, ನೀರು ಕಾದೇ ಇಲ್ಲ” ಎಂದ. ಮಾತು ಪರಿಣಾಮದಲ್ಲಿ ಸರಿ, ಕಾರಣದಲ್ಲಿ ತಪ್ಪು. ಮೊದಲು ಕಮ್ಮಿಯಾದದ್ದು ವೋಲ್ಟೇಜು. ಅದಕ್ಕೆ ಕರೆಂಟು 6.8 ಆಂಪಿಯರಿಗೆ ಇಳಿಯಿತು, 180ನ್ನು 6.8ರಿಂದ ಗುಣಿಸಿದರೆ ಸುಮಾರು 1225 ವಾಟ್. ವೋಲ್ಟೇಜು ಇಳಿದದ್ದು ನೂರಕ್ಕೆ 22ರಷ್ಟು, ಶಕ್ತಿ ಇಳಿದದ್ದು 39ರಷ್ಟು. ಹದಿನಾರು ನಿಮಿಷಕ್ಕೆ ಕಾಯುವ ಹದಿನೈದು ಲೀಟರಿಗೆ ಇಪ್ಪತ್ತಾರು ನಿಮಿಷ ಬೇಕು. ಇದನ್ನೆಲ್ಲ ನಾನು ಚಿಲಕ ತೆಗೆಯದೆಯೇ ವಿವರಿಸಿದೆ.

ಇಲ್ಲೊಂದು ಪೂರ್ವಪಕ್ಷ. ಶಕ್ತಿಗೆ ಎರಡು ಸೂತ್ರಗಳಿವೆಯಷ್ಟೆ: ಐ ವರ್ಗವನ್ನು ಆರ್‌ನಿಂದ ಗುಣಿಸು ಎಂದು ಒಂದು, ವಿ ವರ್ಗವನ್ನು ಆರ್‌ನಿಂದ ಭಾಗಿಸು ಎಂದು ಇನ್ನೊಂದು. ಮೊದಲನೆಯದರಲ್ಲಿ ರೋಧ ಹೆಚ್ಚಿದರೆ ಶಾಖ ಹೆಚ್ಚು, ಎರಡನೆಯದರಲ್ಲಿ ಕಡಿಮೆ. ಅಪ್ಪನನ್ನು ಕೇಳಿದರೆ ಹೋಗು, ಅಮ್ಮನನ್ನು ಕೇಳಿದರೆ ಬೇಡ. ಸಿದ್ಧಾಂತ: ಮನೆಯಲ್ಲಿ ಯಾವುದು ಕದಲುವುದಿಲ್ಲ ನೋಡು. ಸಾಕೆಟ್ಟಿಗೆ ನೇರ ಸಿಕ್ಕಿಸಿದ ಪ್ರತಿಯೊಂದಕ್ಕೂ ಸಿಗುವ ವೋಲ್ಟೇಜು ಒಂದೇ; ಅಲ್ಲಿ ರೋಧ ಕಡಿಮೆಯಿದ್ದವನೇ ಬಲಶಾಲಿ. ಒಂದರ ಬಾಲಕ್ಕೆ ಒಂದನ್ನು ಕಟ್ಟಿದರೆ ಎರಡರಲ್ಲೂ ಹರಿಯುವ ಕರೆಂಟು ಒಂದೇ. ಅಲ್ಲಿ ರೋಧ ಹೆಚ್ಚಿದ್ದವನು. ಹಾಗಾಗಿ 40 ಮತ್ತು 100 ವಾಟಿನ ಹಳೇ ಬುರುಡೆ ಬಲ್ಬುಗಳನ್ನು ಸಾಲಾಗಿ ಜೋಡಿಸಿದರೆ ನಲವತ್ತೇ ಜೋರಾಗಿ ಉರಿಯುತ್ತದೆ, ನೂರು ಮಂಕು ಬಡಿದು ಕೂರುತ್ತದೆ. ಅವಿಭಕ್ತ ಕುಟುಂಬ ಕಂಡವರಿಗೆ ಹೆಚ್ಚಿನ ವ್ಯಾಖ್ಯಾನ ಬೇಡ.

ಅದೇ ನೂರು ವಾಟಿನ ಬಲ್ಬಿನ ಬಗ್ಗೆ ನನಗೊಂದು ಭ್ರಾಂತಿಯೂ ಉಂಟಾಗಿತ್ತು. ಲೆಕ್ಕದ ಪ್ರಕಾರ ಅದರ ರೋಧ 529 ಓಮ್ ಇರಬೇಕು. ಮಲ್ಟಿಮೀಟರ್ ಹಿಡಿದರೆ 40ರ ಆಸುಪಾಸು! ಅಂಗಡಿಯವನು ಸಾವಿರದ ಮುನ್ನೂರು ವಾಟಿನ ಬಲ್ಬು ಮಾರಿದನೆಂದು ಜಗಳಕ್ಕೆ ಹೊರಟವನು ಅರ್ಧ ದಾರಿಯಲ್ಲಿ ತಿರುಗಿದೆ. ಟಂಗ್‌ಸ್ಟನ್ ತಂತಿಗೆ ನೈಕ್ರೋಮಿನ ಸ್ಥೈರ್ಯವಿಲ್ಲ. ತಣ್ಣಗಿದ್ದಾಗ ಬಿಟ್ಟುಕೊಡುತ್ತದೆ, ಕಾದ ಮೇಲೆ ಹತ್ತು ಪಟ್ಟಿಗೂ ಮೀರಿ ಅಡ್ಡ ನಿಲ್ಲುತ್ತದೆ. ಇಂಥ ಬಲ್ಬು ಸ್ವಿಚ್ ಒತ್ತಿದ ಗಳಿಗೆಯಲ್ಲೇ ಪ್ರಾಣ ಬಿಡುವ ರಹಸ್ಯವೂ ಇದೇ.

“ಸೂತ್ರ ಯಾರಿಗೆ ಉಪಯೋಗ ಆಯ್ತು ಹೇಳಿ ಭಾವಾ?” ಎಂದು ಹೊರಗಿನಿಂದ ಆಕ್ಷೇಪ ಬಂತು. ಶಿವನಸಮುದ್ರದವರಿಗೆ ಆಯಿತು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದವರು 30,000 ವೋಲ್ಟಿಗೂ ಮೇಲ್ಪಟ್ಟು ಕಳಿಸಿದರು. ವೋಲ್ಟೇಜು ಹತ್ತು ಪಟ್ಟಾದರೆ ಅಷ್ಟೇ ಶಕ್ತಿಗೆ ಕರೆಂಟು ಹತ್ತರಲ್ಲೊಂದು ಸಾಕು, ದಾರಿಯಲ್ಲಿ ತಂತಿ ಕಾದು ಪೋಲಾಗುವುದು ನೂರರಲ್ಲೊಂದು. ಇಲ್ಲದಿದ್ದರೆ ಕಾವೇರಿಯ ಶಕ್ತಿಯೆಲ್ಲ ದಾರಿಯುದ್ದಕ್ಕೂ ಕಾಗೆಗಳ ಕಾಲು ಬೆಚ್ಚಗಿಡುವುದಕ್ಕೇ ಖರ್ಚಾಗುತ್ತಿತ್ತು.

ಈ ಸಮಾಧಾನ ಕೇಳಲು ಹೊರಗೆ ಯಾರೂ ಇರಲಿಲ್ಲ. ನಮ್ಮತ್ತೆ ಹಿತ್ತಲ ಒಲೆಗೆ ತೆಂಗಿನಮಟ್ಟೆ ತುರುಕಿ ತಾಮ್ರದ ಹಂಡೆ ಏರಿಸಿ, ಮಗನಿಗೆ ಎರಡು ಬಕೆಟ್ ಸುಡುನೀರು ಕೊಟ್ಟಾಗಿತ್ತು. ಹಂಡೆಯ ರೋಧವನ್ನೂ ಕಂಡುಹಿಡಿದು ಭಾಷ್ಯ ಪೂರ್ಣಗೊಳಿಸೋಣವೆಂದು ಕುಳಿತೆ. ಅದಕ್ಕೆ ಕೊಟ್ಟ ವೋಲ್ಟೇಜು ಸೊನ್ನೆ, ಅದರಲ್ಲಿ ಹರಿದ ಕರೆಂಟು ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗಿ ಬಂದದ್ದರಿಂದ ಭಾಷ್ಯ ಸದ್ಯಕ್ಕೆ ಇಲ್ಲಿಗೇ ನಿಂತಿದೆ.