ಥರ್ಮಾಕೋಲಿನ ಹೊಂಡ

ಪಾಳೇಗಾರ ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ನಮ್ಮ ಸಂತೇಬೆನ್ನೂರಿನ ಹೊಂಡ ಕಟ್ಟಿಸುವಾಗ ಅವನಿಗೊಂದು ದೊಡ್ಡ ಅನುಕೂಲವಿತ್ತು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ತಂದು ಒಪ್ಪಿಸಿ ಎಂದು ಯಾವ ಮಿಸ್ಸೂ ಅವನಿಗೆ ವಾಟ್ಸಾಪ್ ಕಳಿಸಿರಲಿಲ್ಲ.

ನಮಗೆ ಕಳಿಸಿದ್ದರು. ಐದನೇ ತರಗತಿಯ ಮಕ್ಕಳು ಸುತ್ತಮುತ್ತಲಿನ ಯಾವುದಾದರೂ ಐತಿಹಾಸಿಕ ಸ್ಥಳದ ಮಾಡೆಲ್ ತರಬೇಕು, ಮಕ್ಕಳೇ ಸ್ವತಃ ಮಾಡಬೇಕು, ಪೋಷಕರು ಕೈ ಹಾಕಬಾರದು ಎಂಬ ಒಕ್ಕಣೆ. ಸಂದೇಶ ಬಂದು ವಾರವಾಗಿತ್ತಂತೆ. ಆಮೇಲೆ ಅದರ ಮೇಲೆ ಯಾರದೋ ಮಗುವಿನ ಹುಟ್ಟುಹಬ್ಬ, ಅದಕ್ಕೆ ಐವತ್ತು ಜನರ ಕೇಕಿನ ಚಿತ್ರ, ಶುಭೋದಯದ ಗುಲಾಬಿಗಳು ಬಿದ್ದು ಹೂತುಹೋಗಿತ್ತು. ಮಗಳಿಗೆ ಮಾತ್ರ ಎಲ್ಲ ಗೊತ್ತಿತ್ತು. ಅವಳು ಬಾಯಿ ಬಿಟ್ಟಿದ್ದು ಭಾನುವಾರ ಸಂಜೆ, ಪಡ್ಡಿನ ಎರಡನೇ ಹಂಚು ಇಳಿಯುವ ಹೊತ್ತಿಗೆ.

ಪಡ್ಡಿನ ದಿನ ನಮ್ಮ ಮನೆಯಲ್ಲಿ ಯಾರೂ ಗಂಭೀರ ವಿಷಯ ಎತ್ತುವಂತಿಲ್ಲ. ಹಂಚಿನಿಂದ ಎದ್ದ ಪಡ್ಡು ತಟ್ಟೆಗೆ ಬೀಳುವ ಮೊದಲೇ ಅಕ್ಕ-ತಮ್ಮನ ನಡುವೆ ಅದರ ಪಾಲು ವಿಭಾಗವಾಗಿ, ತಕರಾರೂ ಶುರುವಾಗಿರುತ್ತದೆ. ದೊಡ್ಡದು ಅವನಿಗೆ ಹೋಯಿತು, ಕೆಂಪಗೆ ಗರಿಗರಿಯಾದದ್ದು ಇವಳಿಗೆ ಬಂತು, ನನಗೆ ಚಟ್ನಿ ಕಮ್ಮಿ. ಆ ಗಲಾಟೆಯ ನಡುವೆಯೇ ಅವಳು ಬಾಯಲ್ಲಿ ಒಂದು ಪಡ್ಡು ಇಟ್ಟುಕೊಂಡು ಹೇಳಿದಳು: “ಅಪ್ಪಾಜಿ, ನಾಳೆ ಮಾಡೆಲ್ ಒಯ್ಬೇಕು.”

“ಯಾವ ಮಾಡೆಲ್ಲೇ?”

“ಹೊಂಡದ್ದು. ನಾನು ಹೆಸರು ಕೊಟ್ಟು ಬಂದೀನಿ.”

ಅಡುಗೆ ಮನೆಯಿಂದ ಹೆಂಡತಿಯ ದನಿ ಬಂತು. “ಹೊಂಡ ಇಲ್ಲೇ ಊರಾಗೆ ಐತಲ್ರಿ. ಮಾಡೆಲ್ ಯಾಕೆ? ಮಿಸ್ಸಿಗೆ ನಾಕು ಹೆಜ್ಜೆ ನಡೆದು ಬಂದು ಅಸಲಿದನ್ನೇ ನೋಡಾಕೆ ಹೇಳ್ರಿ.”

ಇಷ್ಟು ತರ್ಕಬದ್ಧವಾದ ಮಾತನ್ನು ಶಿಕ್ಷಣ ಇಲಾಖೆಯ ಯಾವ ಸಭೆಯಲ್ಲೂ ಯಾರೂ ಆಡಿರಲಾರರು. ಆದರೆ ಮಗಳ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ನಾನು ಬೈಕಿನ ಕೀಲಿ ತೆಗೆದುಕೊಂಡೆ.

ಸ್ಟೇಷನರಿ ಅಂಗಡಿಯ ಮುಂದೆ ನನ್ನಂಥ ಅಪ್ಪಂದಿರು ಆಗಲೇ ಸೇರಿದ್ದರು. ಯಾರ ಬಾಯಲ್ಲೂ ಮಾತಿಲ್ಲ. ಅಡಿಕೆ ಖೇಣಿಯಲ್ಲಿ ಲಕ್ಷಗಟ್ಟಲೆ ಮಾತಾಡುವ ಗಟ್ಟಿ ಕುಳ ಒಬ್ಬರು ಅರವತ್ತು ರೂಪಾಯಿಯ ಬಣ್ಣದ ಪೇಪರಿಗಾಗಿ ಕೈ ಮುಗಿಯುವಷ್ಟಕ್ಕೆ ಬಂದಿದ್ದರು. ಕೊನೆಯ ಥರ್ಮಾಕೋಲ್ ಹಾಳೆ ನನಗೆ ಸಿಕ್ಕಿತು. ಅದನ್ನು ಕಂಕುಳಲ್ಲಿಟ್ಟುಕೊಂಡು ಗಾಳಿಗೆ ಎದುರಾಗಿ ಬೈಕು ಓಡಿಸುವುದು ಒಂದು ವಿದ್ಯೆ. ಅದನ್ನು ಯಾವ ಶಾಲೆಯೂ ಕಲಿಸುವುದಿಲ್ಲ, ಎಲ್ಲ ಶಾಲೆಗಳೂ ಕಲಿಯುವಂತೆ ಮಾಡುತ್ತವೆ.

ಮನೆಗೆ ಬರುವಷ್ಟರಲ್ಲಿ ಹೊಂಡದ ಸುದ್ದಿ ಓಣಿಗೆಲ್ಲ ಹಬ್ಬಿತ್ತು. ಪಕ್ಕದ ಮನೆಯ ಅಜ್ಜ ಸಲಹೆ ಕೊಡಲು ಕುರ್ಚಿ ಹಾಕಿಕೊಂಡು ಕೂತಿದ್ದರು. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವ ನನ್ನ ಭಾವಮೈದುನ ಊರಿಗೆ ಬಂದವನು ನಮ್ಮಲ್ಲೇ ಉಳಿದಿದ್ದ. ಹೊಂಡದ ಎದುರಿಗೆ 17ನೇ ಶತಮಾನದಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಕಟ್ಟಿಸಿದ ಮುಸಾಫಿರ್‌ಖಾನೆ ಇದೆಯಲ್ಲ, ಆ ರಾತ್ರಿ ನಮ್ಮ ಮನೆ ಅದರಂತೆಯೇ ಆಗಿತ್ತು. ಬಂದವರು ಉಂಡರು, ಒರಗಿದರು, ಹೋಗಲಿಲ್ಲ.

ಮೊದಲ ತೊಡಕು ಮಂಟಪಗಳದ್ದು. ನಡುವಿನ ವಸಂತ ಮಂಟಪ ಎಲ್ಲರಿಗೂ ಗೊತ್ತು. ನೀರಿನ ಮಧ್ಯೆ ಅಂತಸ್ತಿನ ಮೇಲೆ ಅಂತಸ್ತು, ಮೇಲೇರಿದಂತೆ ಕಿರಿದಾಗುತ್ತ ಹೋಗುತ್ತದೆ. ಸುತ್ತ ದಂಡೆಯ ಮೇಲಿನ ಚಿಕ್ಕ ಮಂಟಪಗಳು ಎಷ್ಟು? ದಿನಾ ಅದರ ಮುಂದೆಯೇ ಓಡಾಡುವ ನಮ್ಮಲ್ಲಿ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದಲಿಲ್ಲ. ಅಜ್ಜ ನಾಲ್ಕು ಎಂದರು, ಹೆಂಡತಿ ಆರು ಎಂದಳು. ನಮ್ಮವ್ವ ಅಷ್ಟ ದಿಕ್ಕಿಗೆ ಎಂಟು ಇದ್ದವೆಂದು ತನ್ನ ಅತ್ತೆ ಹೇಳುತ್ತಿದ್ದಳೆಂದು ಸಾಕ್ಷಿ ನುಡಿದಳು. ಹೋಗಿ ಎಣಿಸಿ ಬರೋಣವೆಂದರೆ ಕತ್ತಲು. ಥರ್ಮಾಕೋಲ್ ಸಾಕಾಗುವಷ್ಟು ಮಾಡೋಣ ಎಂದು ರಾಜಿಯಾಯಿತು.

ಎರಡನೆಯ ತೊಡಕು ವಿಳಾಸದ್ದು. ಚಾರ್ಟಿನ ಮೇಲೆ ಮಗಳು ‘ಚನ್ನಗಿರಿ ತಾಲೂಕು, ದಾವಣಗೆರೆ ಜಿಲ್ಲೆ’ ಎಂದು ದುಂಡಗೆ ಬರೆದಳು.

“ಶಿವಮೊಗ್ಗ ಜಿಲ್ಲೆ ಅಂತ ಬರಿಯೇ,” ಎಂದಳು ನಮ್ಮವ್ವ.

1997ರಲ್ಲಿ ಜಿಲ್ಲೆ ಬದಲಾದದ್ದನ್ನು ನಮ್ಮವ್ವ ಇನ್ನೂ ಒಪ್ಪಿಕೊಂಡಿಲ್ಲ. ಅವಳ ತವರು ಹೊನ್ನಾಳಿ, ಕೊಟ್ಟ ಮನೆ ಇದು. ಎರಡೂ ಶಿವಮೊಗ್ಗಕ್ಕಿದ್ದವು, ಎರಡನ್ನೂ ಒಟ್ಟಿಗೇ ದಾವಣಗೆರೆಗೆ ಸೇರಿಸಿದರು. “ತವರೂ ಹೋತು, ಗಂಡನ ಮನೀನೂ ಹೋತು. ನನ್ನನ್ನ ಒಂದು ಮಾತು ಕೇಳಿದ್ರೇನೋ?” ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ತಾಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಎಂದು ನೆನಪಿಸಿದರೆ ಸ್ವಲ್ಪ ತಣ್ಣಗಾಗುತ್ತಾಳೆ. “ನಮ್ಮ ಪಟೇಲ್ರು ಅಂತ ಸುಮ್ಮನಿದೀನಿ.”

ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದವರು. ಎದುರು ಮಾತಿಗೆ ಸಾಣೆ ಹಿಡಿಯುವ ಗುಣ ಈ ಸೀಮೆಯ ನೀರಿನಲ್ಲೇ ಇರಬೇಕು. ಇಲ್ಲದಿದ್ದರೆ ಹತ್ತು ವರ್ಷದ ಮಗಳಿಗೆ ಅದು ಎಲ್ಲಿಂದ ಬರಬೇಕು? ಥರ್ಮಾಕೋಲ್ ಕೊಯ್ಯುವ ನಡುವೆ ನಾನು ಮೊಬೈಲಿನಲ್ಲಿ ರಾಶಿ ಅಡಿಕೆಯ ರೇಟು ನೋಡುತ್ತಿದ್ದೆ. ಆಗ ಕತ್ತರಿ ಕೆಳಗಿಟ್ಟು ಕೇಳಿದಳು: “ಅಪ್ಪಾಜಿ, ನಾನು ಹತ್ತು ನಿಮಿಷ ಕಾರ್ಟೂನ್ ನೋಡಿದ್ರೆ ಕಣ್ಣು ಹೋಗುತ್ತೆ ಅಂತೀರಿ. ನೀವು ದಿನಕ್ಕೆ ಇಷ್ಟು ಸಲ ನೋಡಿದ್ರೆ ರೇಟು ಏರುತ್ತಾ?”

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಶಿವಮೊಗ್ಗ, ಚನ್ನಗಿರಿ, ದಾವಣಗೆರೆ ಮಾರುಕಟ್ಟೆಗಳ ದರ ನೋಡದಿದ್ದರೆ ಅವಳ ಶಾಲೆಯ ಫೀಸು ಕಟ್ಟುವುದು ಹೇಗೆಂದು ವಿವರಿಸಬಹುದಿತ್ತು. ಆದರೆ ಆ ದಿನ ರೇಟು ಇಳಿದಿತ್ತು. ವಾದಕ್ಕೆ ಬಲ ಸಾಲದು ಎನಿಸಿ ಮೊಬೈಲು ಜೇಬಿಗೆ ಸೇರಿಸಿದೆ.

ಹನ್ನೊಂದರ ಹೊತ್ತಿಗೆ ಹೊಂಡ ಹೊಂಡದಂತೆ ಕಾಣತೊಡಗಿತು. ಇಳಿಯಲು ಮೆಟ್ಟಿಲುಗಳಾದವು, ನೀರಿನ ಬದಲು ನೀಲಿ ಪೇಪರ್ ಬಂತು, ನಡುವೆ ಬೆಳ್ಳನೆಯ ವಸಂತ ಮಂಟಪ ನಿಂತಿತು. ಇನ್ನು ಕಲ್ಲಿನ ಬಣ್ಣ ಬಂದರೆ ಮುಗಿಯಿತು. ಭಾವಮೈದುನ ಎದ್ದು, ಇದು ಎಂಜಿನಿಯರ್ ಮಾಡುವ ಕೆಲಸ ಎಂದು ಹೇಳಿ, ಗೇಟಿಗೆ ಹೊಡೆದು ಉಳಿದಿದ್ದ ಬೂದು ಬಣ್ಣದ ಡಬ್ಬಿ ತಂದ. ಗಟ್ಟಿಯಾಗಿದ್ದ ಬಣ್ಣಕ್ಕೆ ಧಾರಾಳವಾಗಿ ತಿನ್ನರ್ ಬೆರೆಸಿ ಮಂಟಪದ ಮೇಲೆ ಕುಂಚ ಎಳೆದ.

ತಿನ್ನರ್ ತಗುಲಿದರೆ ಥರ್ಮಾಕೋಲ್ ಕರಗುತ್ತದೆ. ಇದು ಯಾವ ಸೆಮಿಸ್ಟರಿನಲ್ಲಿ ಬರುತ್ತದೋ ತಿಳಿಯದು, ನಮ್ಮ ಹುಡುಗನಿಗೆ ಇನ್ನೂ ಬಂದಿರಲಿಲ್ಲ. ಮೊದಲು ಚುರ್ ಎಂಬ ಸಣ್ಣ ಸದ್ದು ಕೇಳಿತು. ಆಮೇಲೆ ಮೇಲಿನ ಅಂತಸ್ತು ಒಳಕ್ಕೆ ಕುಗ್ಗಿತು, ಕಮಾನುಗಳು ಬಾಯಿ ಕಳೆದವು, ಎಲ್ಲ ಸೇರಿ ಮುದ್ದೆಯಾಗಿ ಕೂತವು. ನಾನೂರು ವರ್ಷ ಮಳೆ ಬಿಸಿಲಿಗೆ ಜಗ್ಗದ ಮಂಟಪ ಎರಡೇ ನಿಮಿಷದಲ್ಲಿ ಕೆಳಗಿಳಿಯಿತು. ಮಗಳು ಹೊಡೆದ ಕೂಗಿಗೆ ಕುರ್ಚಿಯ ಅಜ್ಜ ಎಚ್ಚರಾದರು. ಮಗನಿಗೆ ಮಾತ್ರ ಬಹಳ ಹಿಡಿಸಿತು. “ಮಾಮ, ಇನ್ನೊಂದ್ ಸಲ ಮಾಡು!”

ಆಗ ಎದ್ದವಳು ನಮ್ಮವ್ವ. ಅಲ್ಲಿಯವರೆಗೆ “ಹೊನ್ನಾಳಿ ಹೊಳೆ ನೋಡಿದೋರಿಗೆ ಇದ್ಯಾವ ಹೊಂಡ” ಎಂದು ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದವಳು, ಹಿತ್ತಲಿನ ಕೊಟ್ಟಿಗೆಗೆ ಹೋಗಿ ಅಡಿಕೆ ಹಾಳೆ ಎಳೆದು ತಂದಳು. ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಈಳಿಗೆ ಮಣೆಯಲ್ಲಿ ಪಟ್ಟಿ ಪಟ್ಟಿಯಾಗಿ ಹೆಚ್ಚಿದಳು. ಮೊಮ್ಮಗಳ ಕೈಯಲ್ಲಿ ಬಾಗಿಸಿ, ಸೂಜಿ ದಾರದಿಂದ ಹೊಲಿಸಿದಳು. ಕಮಾನು ಬಂತು, ಕಂಬ ಬಂತು, ಒಂದರ ಮೇಲೊಂದು ಅಂತಸ್ತೂ ಬಂತು. ಬಣ್ಣ ಬೇಕಾಗಲಿಲ್ಲ, ಒಣಗಿದ ಹಾಳೆಗೆ ತಾನಾಗಿಯೇ ಹಳೆಯ ಕಲ್ಲಿನ ಬಣ್ಣವಿತ್ತು. ಇಡೀ ರಾತ್ರಿ ಮಗಳು ನಿಜವಾಗಿ ತನ್ನ ಕೈಯಿಂದ ಮಾಡಿದ್ದು ಅದೊಂದೇ. ಅದಕ್ಕೇ ಇರಬೇಕು, ಅದು ಸ್ವಲ್ಪ ಎಡಕ್ಕೆ ವಾಲಿತ್ತು.

ಅಸಲಿ ಹೊಂಡವನ್ನು ಕಾಯಲು ಕೇಂದ್ರದ ಪುರಾತತ್ವ ಇಲಾಖೆ ಇದೆ. ನಕಲಿಯನ್ನು ಬೆಕ್ಕಿನಿಂದಲೂ ಮಗನಿಂದಲೂ ಕಾಯಲು ಅವ್ವ ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದಳು. ಆದರೂ ಬೆಳಿಗ್ಗೆ ನೋಡಿದರೆ ನೀಲಿ ಪೇಪರಿನ ಮೇಲೆ ಒಂದು ಹಿಡಿ ಮಂಡಕ್ಕಿ ಬಿದ್ದಿತ್ತು. ಮೀನಿಗೆ ಹಾಕಿದ್ದಂತೆ. ಊರ ಹೊಂಡಕ್ಕೆ ಹೋದಾಗಲೆಲ್ಲ ಹಾಕುವುದು ಅವನ ರೂಢಿ.

ಶಾಲೆಯಲ್ಲಿ ಮೇಜುಗಳ ಮೇಲೆ ಸಾಲಾಗಿ ಇತಿಹಾಸ ಕೂತಿತ್ತು. ಪ್ರತಿ ಮಾಡೆಲಿನ ಹಿಂದೆ ಒಂದು ಮಗು, ಮಗುವಿನ ಹಿಂದೆ ನಿದ್ದೆಗೆಟ್ಟ ಕೆಂಪು ಕಣ್ಣಿನ ಅಪ್ಪನೋ ಅಮ್ಮನೋ. ಚಿತ್ರದುರ್ಗದ ಕೋಟೆಗೆ ಬ್ಯಾಟರಿ ಬಲ್ಬುಗಳ ಸರ ಹಾಕಿದ್ದರು. ಅದರ ಒಡೆಯನಾದ ಹುಡುಗ, ಸ್ವಿಚ್ ಎಲ್ಲಿದೆ ಎಂದು ಅಪ್ಪನನ್ನು ಕೇಳುತ್ತಿದ್ದ.

ಮಿಸ್ಸು ನಮ್ಮ ಹೊಂಡದ ಮುಂದೆ ನಿಂತು ವಾಲಿದ ಮಂಟಪವನ್ನು ಮುಟ್ಟಿ ನೋಡಿದರು. “ಚೆನ್ನಾಗಿದೆಯಲ್ಲ ಪುಟ್ಟಾ! ಯಾರು ಮಾಡಿದ್ದು?”

ಸುಳ್ಳು ಹೇಳಬಾರದು ಎಂದು ಮನೆಯಲ್ಲಿ ನಾವೇ ಕಲಿಸಿದ್ದೇವೆ. “ಅಜ್ಜಿ ಹೇಳಿಕೊಟ್ರು, ನಾನು ಹೊಲಿದೆ. ಮಾಮ ಕೆಡಿಸಿದ. ಅಮ್ಮ ಪಡ್ಡು ಹಾಕಿದ್ರು. ಅಪ್ಪಾಜಿ ರೇಟು ನೋಡ್ತಿದ್ರು.”

ಕೋಟೆಗೆ ಮೊದಲ ಬಹುಮಾನ ಬಂತು, ನಮ್ಮ ಹೊಂಡಕ್ಕೆ ಎರಡನೆಯದು. ಮಗಳಿಗೆ ಕೊಟ್ಟ ಪೆನ್ಸಿಲ್ ಡಬ್ಬಿಯನ್ನು ಅವಳು ಅಜ್ಜಿಗೆ ಕೊಟ್ಟಳು. ಅದರಲ್ಲಿ ಈಗ ಎಲೆ ಅಡಿಕೆ ಇದೆ.

ಎಲ್ಲ ಶಾಲೆಗಳ ಮಿಸ್ಸುಗಳಲ್ಲಿ, ಮೇಷ್ಟ್ರುಗಳಲ್ಲಿ ನನ್ನದೊಂದು ಅರಿಕೆ. ಇನ್ನು ಕೆಲವು ವರ್ಷಕ್ಕೆ ಮಗನೂ ಐದನೇ ತರಗತಿಗೆ ಬರುತ್ತಾನೆ. ಅವನಿಗೂ ಹೊಂಡವನ್ನೇ ಕೊಡಿ, ಅಟ್ಟದ ಮೇಲೆ ಭದ್ರವಾಗಿ ಎತ್ತಿಟ್ಟಿದ್ದೇವೆ. ಮುಸಾಫಿರ್‌ಖಾನೆ ಕೊಟ್ಟರೂ ಹೇಗೋ ಸಂಭಾಳಿಸುತ್ತೇವೆ. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಎಂದು ಬಂದವರ ಮುಂದೆ ನಾವೆಲ್ಲ ಕೊಚ್ಚಿಕೊಳ್ಳುವ ಸೂಳೆಕೆರೆಯೊಂದನ್ನು ಮಾತ್ರ ಕೊಡಬೇಡಿ. ಅಷ್ಟು ಥರ್ಮಾಕೋಲ್ ಚನ್ನಗಿರಿ ತಾಲೂಕಿನಲ್ಲಿ ಸಿಗುವುದಿಲ್ಲ.